ಬೆನ್ನು ತೋರಿಸಿ ಬದುಕಿದ ವಾಚು: ರಿವರ್ಸೋ

[ದೃಶ್ಯ: ಕಪ್ಪು ಬಟ್ಟೆ ಮೇಲೆ ಆಯತಾಕಾರದ ವಾಚು. ಹೆಬ್ಬೆರಳು ತಳ್ಳುತ್ತೆ, ವಾಚು ಮಗುಚುತ್ತೆ. ‘ಟಕ್’ ಅನ್ನೋ ಸದ್ದು.]

ಮುಖ ಒಳಗೆ ಮಾಡಿ ಮಗುಚಿಕೊಂಡು ಗಾಜು ಕಾಪಾಡ್ಕೊಳ್ಳೋ ವಾಚು ರಿವರ್ಸೋ. ಅದರ ಬಗ್ಗೆ ಕೊಡಗಿನ ಗೋಣಿಕೊಪ್ಪದಿಂದ ಬಂದ ಪ್ರಶ್ನೆ ಇದು: “ಗಾಜು ಒಡೆಯುತ್ತೆ ಅಂದ್ರೆ ಗಟ್ಟಿ ಗಾಜು ಹಾಕಿದ್ರಾಯ್ತು. ಇಡೀ ವಾಚನ್ನೇ ಮಗುಚೋ ಕಸರತ್ತು ಯಾಕೆ?”

ಒಳ್ಳೇ ಪ್ರಶ್ನೆ. ಹಿನ್ನೆಲೆಯನ್ನ ಬೇಗ ಮುಗಿಸ್ತೀನಿ. ಸೆಸಾರ್ ದ ತ್ರೇ ಅನ್ನೋ ಸ್ವಿಸ್ ವ್ಯಾಪಾರಿ 1930–31ರ ಚಳಿಗಾಲದಲ್ಲಿ ಭಾರತಕ್ಕೆ ಬಂದಿದ್ದ. ಕುದುರೆ ಮೇಲೆ ಕೂತು ಚೆಂಡು ಹೊಡೆಯೋ ಪೋಲೋ ಆಡಿ ಗಾಜು ಪುಡಿಯಾದ ವಾಚನ್ನ ಬ್ರಿಟಿಷ್ ಅಧಿಕಾರಿಯೊಬ್ಬ ಅವನ ಮುಂದೆ ಹಿಡಿದ. ಇದು ಕಂಪನಿ ಹೇಳ್ಕೊಂಡು ಬಂದ ಕಥೆ. ಅಧಿಕಾರಿಯ ಹೆಸರು ಯಾರೂ ಹೇಳಲ್ಲ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಕಾಗದದ ಮೇಲೆ ಇರೋದು ಮಾತ್ರ ಗಟ್ಟಿ: 1931ರ ಮಾರ್ಚ್ 4ರಂದು ರೆನೆ-ಆಲ್ಫ್ರೆಡ್ ಶೋವೋ ಅನ್ನೋ ಎಂಜಿನಿಯರ್ ಪ್ಯಾರಿಸ್‌ನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದ. ತನ್ನ ಆಸರೆಯೊಳಗೆ ಜಾರಿ, ಪೂರ್ತಿ ಮಗುಚಿಕೊಳ್ಳೋ ವಾಚು ಅಂತ ಅದರಲ್ಲಿದೆ. ವಾಚು ಮಾಡಿದವರು ಸ್ವಿಟ್ಜರ್ಲೆಂಡಿನ ಲೆಕುಲ್ತ್ರ ಕಂಪನಿ. ಜೇಗರ್ ಅನ್ನೋ ಇನ್ನೊಂದು ಕಂಪನಿಯ ಹೆಸರು ಸೇರಿ ಜೇಗರ್-ಲೆಕುಲ್ತ್ರ ಆಗಿದ್ದು 1937ರಲ್ಲಿ. ನಾಲಿಗೆ ತೊಡಕಿದ್ರೆ ಜೆಎಲ್‌ಸಿ ಅನ್ನಿ.

ಈಗ ಗಟ್ಟಿ ಗಾಜಿನ ವಿಷಯ. 1931ರಲ್ಲಿ ಅದು ಎಲ್ಲಿತ್ತು? ಪ್ಲೆಕ್ಸಿಗ್ಲಾಸ್ ಅನ್ನೋ ಗಾಜಿನಂಥ ಪ್ಲಾಸ್ಟಿಕ್ ಮಾರುಕಟ್ಟೆಗೆ ಬಂದಿದ್ದೇ 1933ರಲ್ಲಿ. ಮೊದಲ ಮಹಾಯುದ್ಧದ ಸೈನಿಕರು ಗಾಜಿನ ಮೇಲೆ ಲೋಹದ ಜಾಲರಿ ಹಾಕ್ಕೊಳ್ತಿದ್ರು. ಅದರ ಹಿಂದೆ ಟೈಮ್ ನೋಡೋದು ಕಿಟಕಿ ಸರಳಿನ ಸಂದಿಯಲ್ಲಿ ಇಣುಕಿದ ಹಾಗೆ. ಜೇಬು ಗಡಿಯಾರದ ಥರ ಮುಚ್ಚಳ ಹಾಕಿದ್ರೆ ಕೈ ಮೇಲೆ ಇನ್ನೊಂದು ಪದರ ದಪ್ಪ, ಜೊತೆಗೆ ಸವೆಯೋಕೆ ಒಂದು ಕೀಲು. ಶೋವೋ ಬೇರೆ ಮುಚ್ಚಳ ಮಾಡೋ ಗೋಜಿಗೇ ಹೋಗಲಿಲ್ಲ. ವಾಚಿಗೆ ಹೇಗೂ ಲೋಹದ ಬೆನ್ನು ಇದೆಯಲ್ಲ, ಅದೇ ಮುಚ್ಚಳ ಆಗಲಿ ಅಂದ.

[ದೃಶ್ಯ: ತೀರಾ ಹತ್ತಿರದಿಂದ, ವಾಚು ಜಾರೋ ಜಾಡು.]

ಇಲ್ಲಿ ಸ್ವಲ್ಪ ನಿಲ್ಲೋಣ, ನನಗೆ ತುಂಬಾ ಇಷ್ಟದ ಭಾಗ ಇದು. ಕೊಡವ ಮದುವೆಯಲ್ಲಿ ಬೆನ್ನಿಗೆ ಕಟ್ಟೋ, ಕತ್ತಿ ಸಿಕ್ಕಿಸೋ ತೊಡಂಗ್ ನೋಡಿದ್ದೀರಲ್ಲ? ಪಟ್ಟಿ ಸೊಂಟಕ್ಕೆ, ಹಿತ್ತಾಳೆ ತೊಡಂಗ್ ಪಟ್ಟಿಗೆ, ಒಡಿಕತ್ತಿ ತೊಡಂಗಿಗೆ. ಕತ್ತಿ ಹೊರಗೆ ಬಂದ್ರೂ ಪಟ್ಟಿ ಅಲ್ಲಾಡಲ್ಲ. ರಿವರ್ಸೋ ಲೆಕ್ಕಾಚಾರವೂ ಇದೇ. ಚರ್ಮದ ಪಟ್ಟಿ ವಾಚಿಗೆ ಸೇರಿಲ್ಲ, ಕೆಳಗಿನ ತೊಟ್ಟಿಲಿಗೆ, ಅಂದ್ರೆ ವಾಚನ್ನ ಹೊತ್ತಿರೋ ಲೋಹದ ಆಸರೆಗೆ ಸೇರಿದೆ. ವಾಚಿನ ಮೇಲಂಚು ಕೆಳಅಂಚಿನಲ್ಲಿ ಜಾರೋಕೆ ಉದ್ದನೆ ಜಾಡು ಕೊರೆದಿದ್ದಾರೆ. ಎಡ ಅಂಚನ್ನ ಬಲಕ್ಕೆ ಒತ್ತಿ, ಜಾರುತ್ತೆ. ಕೊನೆಯಲ್ಲಿ ಎದ್ದು ನಿಲ್ಲುತ್ತೆ. ಪುಟ ಮಗುಚಿದ ಹಾಗೆ ಮಗುಚಿ, ವಾಪಸ್ ತಳ್ಳಿ. ‘ಟಕ್’.

ಆ ‘ಟಕ್’ ಮುಖ್ಯ. ಸ್ಪ್ರಿಂಗ್ ಒತ್ತಿದ ಗುಂಡು ತನ್ನ ಗುಳಿಗೆ ಬಿದ್ದ ಸದ್ದು ಅದು. ಸದ್ದು ಮೆತ್ತಗಾಗಿದ್ರೆ, ಅಥವಾ ಅಲ್ಲಾಡಿಸಿದಾಗ ವಾಚು ತಾನಾಗಿ ಜಾರಿದ್ರೆ, ಜಾಡು ಸವೆದಿದೆ ಇಲ್ಲಾ ಗುಂಡು ಕೂತುಹೋಗಿದೆ. ಹಳೇದು ಕೊಳ್ಳೋವಾಗ ಬೆಲೆ ಕೇಳೋಕೆ ಮುಂಚೆ ಹತ್ತು ಸಲ ಮಗುಚಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದ್ರೆ ಸಿಂಡರಿಸಲಿ.

ಒಂದು ಎಚ್ಚರಿಕೆ: ಜಾಡಿಗೆ ಎಣ್ಣೆ ಬಿಡಬೇಡಿ. ಎಣ್ಣೆ ಧೂಳನ್ನ ಹಿಡ್ಕೊಳ್ಳುತ್ತೆ, ಧೂಳು ಸೇರಿ ಮರಳು ಕಾಗದದ ಥರ ಲೋಹವನ್ನ ತಿನ್ನುತ್ತೆ. ಒಣಗಿದ ಮೆತ್ತನೆ ಬ್ರಷ್ ಸಾಕು.

ಮತ್ತೆ, ಗಾಜು ಉಳಿದರೆ ವಾಚು ಉಳೀತು ಅಂತಲ್ಲ. ಒಳಗೆ ಅತ್ತಿತ್ತ ತಿರುಗಿ ಟೈಮ್ ಅಳೆಯೋ ಬ್ಯಾಲೆನ್ಸ್ ಚಕ್ರ ನಿಂತಿರೋದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ತುದಿಗಳ ಮೇಲೆ. ಚೆಂಡು ಬೆನ್ನಿಗೆ ಬಿದ್ರೂ ಪೆಟ್ಟು ಅಲ್ಲಿಗೆ ತಲುಪುತ್ತೆ. ಆ ತುದಿಗಳನ್ನ ಕಾಯೋ ಇನ್‌ಕಾಬ್ಲಾಕ್ ಸ್ಪ್ರಿಂಗ್ ಬಂದಿದ್ದು 1934ರ ಸುಮಾರಿಗೆ. ಅಂದ್ರೆ ಪೋಲೋಗಂತ ಹುಟ್ಟಿದ ವಾಚು ಪೋಲೋಗೆ ಅರ್ಧ ಮಾತ್ರ ತಯಾರಾಗಿತ್ತು!

ರೂಪದ ಬಗ್ಗೆ: ಆರ್ಟ್ ಡೆಕೋ ಅನ್ನೋ ವಿನ್ಯಾಸ ಶೈಲಿಯ ಕಾಲ. ನೇರ ಗೆರೆ, ಚೂಪು ಅಂಚು, ಮೇಲೆ ಮೂರು ಕೆಳಗೆ ಮೂರು ಉಬ್ಬುಗೆರೆ. ಹಳೇ ವಾಚಿನಲ್ಲಿ ಮೊದಲು ನೋಡಬೇಕಾದ್ದು ಈ ಉಬ್ಬುಗೆರೆಗಳನ್ನೇ. ಪಾಲಿಶ್ ಮಾಡಿ ಮಾಡಿ ಅವು ಸವೆದ ಸೋಪಿನ ಥರ ಆಗಿದ್ರೆ ಅರ್ಧ ಚೆಲುವು ಹೋದಂತೆ. ಫಳಫಳ ಹೊಳೆಯೋ ವಾಚಿಗಿಂತ ಗೀರು ಬಿದ್ದ, ಅಂಚು ಉಳಿದ ವಾಚೇ ವಾಸಿ. ಖಾಲಿ ಬೆನ್ನಿನ ಮೇಲೆ ಜನ ಹೆಸರು, ಮನೆತನದ ಲಾಂಛನ ಕೆತ್ತಿಸೋಕೆ ಶುರು ಮಾಡಿದ್ರು. ಅದನ್ನ ಉಜ್ಜಿ ಅಳಿಸಿದ ವಾಚಿನ ಬೆನ್ನು ತೆಳ್ಳಗಾಗಿರುತ್ತೆ, ಬೆಳಕಿಗೆ ಓರೆ ಹಿಡಿದ್ರೆ ತಗ್ಗು ಕಾಣುತ್ತೆ.

ಟೈಮ್ ಆಗ್ತಾ ಬಂತು, ಉಳಿದಿದ್ದು ಓಟದಲ್ಲಿ. ಯುದ್ಧದ ನಂತರ ದುಂಡು ವಾಚುಗಳ ಕಾಲ, ರಿವರ್ಸೋ ಮೂಲೆ ಸೇರ್ತು. 1972ರಲ್ಲಿ ಇಟಲಿಯ ವಿತರಕ ಜಾರ್ಜಿಯೋ ಕೊರ್ವೋ ಕಾರ್ಖಾನೆಯಲ್ಲಿ ಉಳಿದಿದ್ದ 200 ಖಾಲಿ ಕವಚ ಕೊಂಡು, ಯಂತ್ರ ಕೂರಿಸಿ ಮಾರಿದ. ಬೇಗನೆ ಖಾಲಿ. 1985ರಲ್ಲಿ ನೀರು ತಡೆಯೋ ಹಾಗೆ ಕವಚ ಹೊಸದಾಯ್ತು, 50ಕ್ಕೂ ಹೆಚ್ಚು ಬಿಡಿಭಾಗ. 1994ರ ಡುವೋಫೇಸ್‌ನಲ್ಲಿ ಬೆನ್ನಿಗೂ ಮುಖ ಬಂತು, ಎರಡನೇ ದೇಶದ ಟೈಮ್ ತೋರಿಸೋಕೆ. ಗಾಜು ಕಾಯೋಕೆ ಅಂತ ಮಾಡಿದ ಬೆನ್ನಿಗೇ ಗಾಜು!

[ದೃಶ್ಯ: ಮಡಿಕೇರಿ, ಮಂಜು, ಜಿಟಿಜಿಟಿ ಮಳೆ.]

ಕೊನೆಗೆ ನಮ್ಮ ಮಳೆಗಾಲ. 1985ಕ್ಕಿಂತ ಹಿಂದಿನ ರಿವರ್ಸೋನ ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡಗಿನಲ್ಲಿ ಕಟ್ಟಲೇಬೇಡಿ. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ನೀಲಿ ಹರಳು ಗುಲಾಬಿ ಆದಾಗ ಬದಲಾಯಿಸಿ. ಚರ್ಮದ ಪಟ್ಟಿ ಬಿಚ್ಚಿ ಬೇರೆ ಇಡಿ, ಬೂಷ್ಟು ಮೊದಲು ಹಿಡಿಯೋದು ಅದಕ್ಕೇ. ಗಾಜಿನ ಒಳಗೆ ಹನಿ ಕಂಡ್ರೆ ಅಕ್ಕಿ ಡಬ್ಬಿ ಬೇಡ, ಕೂದಲು ಒಣಗಿಸೋ ಯಂತ್ರವಂತೂ ಬೇಡವೇ ಬೇಡ. ಕೀ ಕೊಡಬೇಡಿ. ಅವತ್ತೇ ರಿಪೇರಿಯವರ ಹತ್ರ ಬಿಚ್ಚಿಸಿ. ನೀರು ಕೀ ತಿರುಪಿನ ಕಡೆಯಿಂದ ನುಗ್ಗುತ್ತೆ, ಅಲ್ಲಿನ ಉಕ್ಕಿನ ಕಡ್ಡಿಗೆ ತುಕ್ಕು ಬೇಗ ಹತ್ತುತ್ತೆ.

ಗೋಣಿಕೊಪ್ಪದವರು ಇನ್ನೊಂದೂ ಕೇಳಿದ್ರು, ಹಾಕಿ ಆಡೋವಾಗ ಕಟ್ಕೊಳ್ಳಬಹುದಾ ಅಂತ. 160 ಗ್ರಾಂ ಆಸುಪಾಸಿನ ಚೆಂಡು ಅದು. ಬಿಚ್ಚಿ ಬ್ಯಾಗಲ್ಲಿಡಿ.