ಹೊಡೆದ ಕೈಗೆ ಏನಾಯಿತು?

ನಮಸ್ಕಾರ. ಇದು ರೇಡಿಯೋ, ನನ್ನ ಬಲಗೈ ನಿಮಗೆ ಕಾಣುವುದಿಲ್ಲ. ಹಾಗಾಗಿ ಒಂದು ಕೆಲಸ ಮಾಡಿ. ನಿಮ್ಮ ಬಲಗೈ ಮುಷ್ಟಿ ಬಿಗಿದು ಗೆಣ್ಣುಗಳನ್ನು ನೋಡಿಕೊಳ್ಳಿ. ನಾಲ್ಕು ಪುಟ್ಟ ಗುಡ್ಡಗಳಿವೆ, ಅಲ್ಲವೇ? ನನ್ನ ಕೈಯಲ್ಲಿ ಮೂರೇ. ಕಿರುಬೆರಳಿನ ಗುಡ್ಡ ಇರಬೇಕಾದ ಕಡೆ ಒಂದು ತಗ್ಗಿದೆ.

ನನಗಾಗ 19 ವರ್ಷ. ಮೆಜೆಸ್ಟಿಕ್‌ನ ಒಂದು ಚಿತ್ರಮಂದಿರ, ಮೊದಲ ದಿನ, ಮಾರ್ನಿಂಗ್ ಶೋ. ಒಬ್ಬ ಕ್ಯೂ ಮುರಿದು ನುಗ್ಗಿದ, ನಾನು ಕಾಲರ್ ಹಿಡಿದೆ, ಅವನು ತಳ್ಳಿದ, ನಾನು ಬೀಸಿ ಒಂದು ಗುದ್ದಿದೆ. ಗುದ್ದು ಅವನ ಕೆನ್ನೆಯ ಮೂಳೆಗೆ ಬಿತ್ತು. 'ಡಿಶುಂ' ಅನ್ನಲೇ ಇಲ್ಲ. ಒದ್ದೆ ಚಪ್ಪಲಿ ನೆಲಕ್ಕೆ ಬಿದ್ದ ಹಾಗೆ 'ಪಚ್' ಅಂತು, ಅಷ್ಟೇ. ಡಿಶುಂ ಹುಟ್ಟುವುದು ಸೌಂಡ್ ಸ್ಟುಡಿಯೋದಲ್ಲಿ, ಚರ್ಮದ ದಿಂಬಿಗೆ ಬಾರಿಸಿದಾಗ. ಮೂಳೆ ಮುರಿಯುವ ಸದ್ದಿಗೆ ಸೆಲರಿ ದಂಟು ಮುರಿಯುತ್ತಾರೆ. ನನ್ನ ಮೂಳೆ ಮುರಿದಾಗ ನನಗೇ ಕೇಳಿಸಲಿಲ್ಲ.

ಇಷ್ಟೆಲ್ಲ ಹತ್ತು ಸೆಕೆಂಡಿನೊಳಗೆ ಮುಗಿದಿತ್ತು, ಇಬ್ಬರಿಗೂ ಏದುಸಿರು. ಪಳಗಿದ ಬಾಕ್ಸರ್‌ಗಳೇ 3 ನಿಮಿಷ ಗುದ್ದಾಡಿ 1 ನಿಮಿಷ ಸುಧಾರಿಸಿಕೊಳ್ಳುತ್ತಾರೆ. ನಮ್ಮ ಹೀರೋ ಹದಿನೈದು ಜನರನ್ನು ಮಲಗಿಸಿ, ಕಾಲರ್ ಸರಿ ಮಾಡಿಕೊಂಡು ಡೈಲಾಗ್ ಹೊಡೆಯುತ್ತಾನೆ. ಇದಕ್ಕೆ ನನ್ನ ತಕರಾರಿಲ್ಲ, ಸಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಯಕ್ಷಗಾನದ ಯುದ್ಧ ನೋಡುತ್ತಾ 'ರಕ್ತ ಎಲ್ರೀ' ಅಂತ ಯಾರಾದರೂ ಕೇಳುತ್ತಾರೆಯೇ? ಅದು ಕುಣಿತ, ಇದೂ ಕುಣಿತ. ನನ್ನ ತಕರಾರು ಏನಿದ್ದರೂ ಮರುದಿನದ ಬಗ್ಗೆ. ಸಿನಿಮಾದ ಹೊಡೆದಾಟಕ್ಕೆ ಮರುದಿನವೇ ಇರುವುದಿಲ್ಲ. ನಾಯಕಿ ಸೆರಗು ಹರಿದು ಪಟ್ಟಿ ಕಟ್ಟಿದರೆ ಸಾಕು, ಮುಂದಿನ ದೃಶ್ಯದಲ್ಲಿ ಅದೇ ಕೈ ಬುಲೆಟ್‌ನ ಆಕ್ಸಿಲರೇಟರ್ ತಿರುವುತ್ತಿರುತ್ತದೆ.

ನನಗೆ ಮರುದಿನ ಮುದ್ದೆ ಮುರಿಯಲಾಗಲಿಲ್ಲ. ಎಡಗೈಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿ ನೋಡಿ, ಗೊತ್ತಾಗುತ್ತದೆ. ಅಂಗಿಯ ಗುಂಡಿ ಅಮ್ಮ ಹಾಕಬೇಕು, ಲಾಡಿಯೂ ಅಮ್ಮನೇ ಕಟ್ಟಬೇಕು. ಇನ್ನೂ ಕೆಲವು ಕೆಲಸಗಳಿವೆ, ರೇಡಿಯೋದಲ್ಲಿ ಹೇಳುವಂಥವಲ್ಲ. ನಾಲ್ಕು ವಾರ ಪ್ಲಾಸ್ಟರ್. ಒಂದು ಕೈಯಲ್ಲಿ 27 ಮೂಳೆಗಳಿವೆ, ಬಹುಪಾಲು ಸಣ್ಣವು. ತಲೆಬುರುಡೆಯೊಡನೆ ಪಂದ್ಯಕ್ಕಿಳಿದರೆ ಸೋಲುವುದು ಅವೇ. ಕಿರುಬೆರಳಿನ ಬುಡದ ಈ ಮುರಿತಕ್ಕೆ ಡಾಕ್ಟರುಗಳು 'ಬಾಕ್ಸರ್ಸ್ ಫ್ರಾಕ್ಚರ್' ಅನ್ನುತ್ತಾರೆ. ತಮಾಷೆಯೆಂದರೆ ನಿಜವಾದ ಬಾಕ್ಸರ್‌ಗಳಿಗೆ ಇದು ಅಪರೂಪ. ಅವರು ತೋರುಬೆರಳು, ನಡುಬೆರಳಿನ ಗೆಣ್ಣಿನಿಂದ ನೇರ ಗುದ್ದುತ್ತಾರೆ. ಕೈಗೆ ಪಟ್ಟಿ ಸುತ್ತಿ ಗ್ಲೌಸ್ ಬೇರೆ ಹಾಕಿರುತ್ತಾರೆ. ಆ ಗ್ಲೌಸ್ ಮುಖ್ಯವಾಗಿ ಕಾಯುವುದು ಗುದ್ದುವವನ ಕೈಯನ್ನು, ಎದುರಾಳಿಯ ಮುಖವನ್ನಲ್ಲ. ಈ ಮುರಿತ ನನ್ನಂಥ ಬೀದಿ ವೀರರ ಸ್ವತ್ತು.

ಇನ್ನು ಖಳನ ಹಲ್ಲು. ಸ್ಲೋ ಮೋಷನ್‌ನಲ್ಲಿ ಹಾರಿ ಬೀಳುತ್ತದಲ್ಲ, ಆ ಹಲ್ಲು. ಹಲ್ಲಿಗೆ ಗುದ್ದಿದರೆ ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಸೀಳು ಬೀಳುತ್ತದೆ. ಗುದ್ದಿದವನು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಬಾಯಿಯ ಕ್ರಿಮಿಗಳು ಅದರ ಮೂಲಕ ಕೀಲಿನೊಳಗೆ ಇಳಿದಿರುತ್ತವೆ. ಒಂದೆರಡು ದಿನದಲ್ಲಿ ಕೈ ಬನ್ನಿನ ಹಾಗೆ ಊದಿ, ಕೀವು ಕಟ್ಟಿ, ಕೊನೆಗೆ ಆಪರೇಷನ್ ಟೇಬಲ್. ಆ ಹಲ್ಲು ಅಲ್ಲಿಗೂ ನಿಲ್ಲುವುದಿಲ್ಲ, ಸ್ಟೇಷನ್‌ಗೂ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮು ಮೂಳೆ ಮುರಿದರೂ ಹಲ್ಲು ಮುರಿದರೂ 'ತೀವ್ರ ಗಾಯ' ಎನ್ನುತ್ತದೆ. ಬೇಕೆಂದೇ ಮಾಡಿದ್ದರೆ ಏಳು ವರ್ಷದವರೆಗೆ ಜೈಲು. ಹಳೆಯ ಐಪಿಸಿಯಲ್ಲೂ ಹಾಗೇ ಇತ್ತು. ಈಗ ಲೆಕ್ಕ ಹಾಕಿ, ನಮ್ಮ ಹೀರೋಗಳು ಇಷ್ಟು ಹೊತ್ತಿಗೆ ಎಷ್ಟು ವರ್ಷ ಪರಪ್ಪನ ಅಗ್ರಹಾರದಲ್ಲಿ ಇರಬೇಕಿತ್ತು ಅಂತ.

ನಗುವಂತಿಲ್ಲದ್ದು ತಲೆಯ ವಿಷಯ. ಹಿಂದಿನಿಂದ ದೊಣ್ಣೆಯ ಏಟು, ಹೀರೋ ಕುಸಿದ, ಗೋಡೌನ್‌ನಲ್ಲಿ ಗಂಟೆಗಟ್ಟಲೆ ಮೂರ್ಛೆ, ಮುಖಕ್ಕೆ ನೀರೆರಚಿದರೆ ಎದ್ದು ಕೂತ. ತಲೆಗೆ ಏಟು ಬಿದ್ದು ಅಷ್ಟು ಹೊತ್ತು ಎಚ್ಚರ ತಪ್ಪಿದವನಿಗೆ ಬೇಕಾದದ್ದು ನೀರಲ್ಲ, ನಿಮ್ಹಾನ್ಸ್‌ನಂಥ ಆಸ್ಪತ್ರೆ. ಇದರ ತದ್ವಿರುದ್ಧದ್ದೂ ಇದೆ. ಕಣತಲೆಯ ಮೂಳೆ ತೆಳು, ಅದರ ಒಳಮೈಗೆ ಅಂಟಿಕೊಂಡೇ ಒಂದು ರಕ್ತನಾಳ ಹೋಗುತ್ತದೆ. ಅಲ್ಲಿಗೆ ಏಟು ಬಿದ್ದವನು ಎದ್ದು ಕೂತು, ಮಾತಾಡಿ, 'ಏನೂ ಆಗಿಲ್ಲ ಬಿಡ್ರೋ' ಅಂತ ಮನೆಗೆ ಹೋಗಬಹುದು. ಒಳಗೆ ರಕ್ತ ಒಸರುತ್ತಲೇ ಇರುತ್ತದೆ. ಕೆಲವು ಗಂಟೆಗಳ ಮೇಲೆ ತಲೆನೋವು, ವಾಂತಿ, ಮಂಪರು. ಮನೆಯವರು 'ಸುಸ್ತಾಗಿದೆ, ಮಲಗಲಿ' ಅಂದುಕೊಳ್ಳುತ್ತಾರೆ.

ತೆರೆಯ ಮೇಲೆ ಕಾಣದ ನೋವು ಯಾರದೋ ಮೈಮೇಲಂತೂ ಇರುತ್ತದೆ. ಫೈಟರ್‌ಗಳನ್ನು ಕೇಳಿ. ಮುಷ್ಟಿ ಮುಖದಿಂದ ಗೇಣು ದೂರದಲ್ಲಿ ಹಾದುಹೋದರೂ, ಬೀಳುವವನು ಬೀಳುವುದು ನಿಜವಾದ ನೆಲಕ್ಕೇ. 2016ರ ನವೆಂಬರ್ 7ರಂದು ಇಲ್ಲೇ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕ್ಲೈಮ್ಯಾಕ್ಸ್ ಚಿತ್ರೀಕರಣ ನಡೆದಿತ್ತು. ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ಖಳನಟರಾದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ.

ನನ್ನ ಕಥೆ ಅಷ್ಟು ದೊಡ್ಡದಲ್ಲ. ಆವತ್ತು ನಾನೂ ಅವನೂ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಹೋದೆವು, ಬೇರೆ ಆಟೋಗೆ ದುಡ್ಡಿರಲಿಲ್ಲ. 'ಮೆಟ್ಟಿಲಿಂದ ಜಾರಿಬಿದ್ವಿ' ಅಂತ ಇಬ್ಬರೂ ಒಂದೇ ಸುಳ್ಳು ಹೇಳಿದೆವು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, 'ಮುಷ್ಟಿ ಕಟ್ಕೊಂಡು ಜಾರಿದ್ರೇನಪ್ಪಾ?' ಅಂದರು. ಹೊರಗೆ ಬಂದು ಬೈಟು ಕಾಫಿ ಹೇಳಿದೆವು. ನನಗೆ ಲೋಟ ಹಿಡಿಯಲಾಗದು, ಅವನಿಗೆ ಬಾಯಿ ತೆರೆಯಲಾಗದು. ಹಲ್ಲಿನ ಸಂದಿಯಲ್ಲೇ ಕಾಫಿ ಹೀರುತ್ತಾ ಅವನು ತೊದಲಿದ: 'ಮ್ಯಾಟಿನಿಗೆ ಹೋಗೋಣ್ವಾ ಗುರು? ಫೈಟ್ ಸೂಪರಾಗಿದ್ಯಂತೆ.'