72ನೇ ನಿಮಿಷ

ರಾತ್ರಿ ಒಂದೂವರೆ ಆಗಿದೆ. ನಾನು ಒಂದೇ ಕಾರ್ನರ್ ಕಿಕ್‌ನ ವಿಡಿಯೋವನ್ನು ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡುತ್ತಿದ್ದೇನೆ. ನೀವೂ ಒಂದ್ಸಲ ನೋಡಿ.

2007ರ ಜುಲೈ 29. ಜಕಾರ್ತಾದ ಗೆಲೋರಾ ಬುಂಗ್ ಕಾರ್ನೊ ಸ್ಟೇಡಿಯಂ. ಏಷ್ಯಾ ಕಪ್ ಫುಟ್‌ಬಾಲ್ ಫೈನಲ್. ಒಂದು ಕಡೆ ಮೂರು ಸಲ ಕಪ್ ಗೆದ್ದಿದ್ದ ಸೌದಿ ಅರೇಬಿಯಾ. ಇನ್ನೊಂದು ಕಡೆ ಇರಾಕ್. ಫೈನಲ್‌ಗೆ ಬಂದಿದ್ದೇ ಅದೇ ಮೊದಲು.

ಇರಾಕ್ ಆಗ ಹೇಗಿತ್ತು ಅಂದರೆ, ಮುಸ್ಲಿಮರ ಎರಡು ಪಂಗಡಗಳಾದ ಸುನ್ನಿ, ಶಿಯಾಗಳ ನಡುವೆ ರಕ್ತಪಾತ ನಡೆಯುತ್ತಿತ್ತು, ಹೆಸರು ಹೇಳಲು ಜನ ಹೆದರುತ್ತಿದ್ದರು. ಒಮರ್ ಅಂದರೆ ಸುನ್ನಿ, ಅಲಿ ಅಂದರೆ ಬಹುಶಃ ಶಿಯಾ. ರಸ್ತೆಯಲ್ಲಿ ಬಂದೂಕು ಹಿಡಿದವರು ಗುರುತಿನ ಚೀಟಿ ಕೇಳಿದರೆ, ಆ ಒಂದು ಹೆಸರಿಗೇ ಜೀವ ಹೋಗಬಹುದಿತ್ತು. 2006ರಲ್ಲಿ ಸಮರ್ರಾ ಊರಿನಲ್ಲಿ ಶಿಯಾಗಳ ಪವಿತ್ರ ಮಸೀದಿಗೆ ಬಾಂಬ್ ಇಟ್ಟ ಮೇಲಂತೂ ನೆರೆಹೊರೆಯವರೇ ಮನೆ ಬಿಟ್ಟು ಓಡಬೇಕಾಯಿತು.

ತಂಡಕ್ಕೆ ಸ್ವಂತ ನೆಲದಲ್ಲಿ ಮ್ಯಾಚ್ ಆಡುವ ಭಾಗ್ಯವೂ ಇರಲಿಲ್ಲ. ಬ್ರೆಜಿಲ್‌ನ ಕೋಚ್ ಜೋರ್ವಾನ್ ವಿಯೇರಾ ಬಂದು ಎರಡು ತಿಂಗಳಷ್ಟೇ ಆಗಿತ್ತು. ಶಿಯಾ, ಸುನ್ನಿ, ಉತ್ತರ ಇರಾಕಿನ ಕುರ್ದ್ ಜನಾಂಗದವರು, ಎಲ್ಲರೂ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ. ಮನೆಯವರನ್ನು ಕಳೆದುಕೊಂಡವರೂ ಅವರಲ್ಲಿದ್ದರು. ಈ ತಂಡ ಆಸ್ಟ್ರೇಲಿಯಾವನ್ನು 3-1ರಿಂದ ಸೋಲಿಸಿತು. ಆಮೇಲೆ ವಿಯೆಟ್ನಾಂ. ಸೆಮಿಫೈನಲ್‌ನಲ್ಲಿ ದಕ್ಷಿಣ ಕೊರಿಯಾ. 120 ನಿಮಿಷ ಆಡಿದರೂ ಒಂದು ಗೋಲೂ ಇಲ್ಲ. ಪೆನಾಲ್ಟಿಯಲ್ಲಿ ಗೋಲ್‌ಕೀಪರ್ ನೂರ್ ಸಬ್ರಿ ಒಂದು ಚೆಂಡು ತಡೆದರು. 4-3.

ಬಾಗ್ದಾದ್ ಬೀದಿಗಿಳಿದು ಕುಣಿಯಿತು. ಹಾಗೆ ಕುಣಿಯುತ್ತಿದ್ದವರ ನಡುವೆಯೇ ಕಾರ್ ಬಾಂಬ್‌ಗಳು ಸಿಡಿದವು. ಸುಮಾರು 50 ಜನ ಸತ್ತರು.

ಇಲ್ಲಿ ನನಗೆ ಪ್ರತಿ ಸಲವೂ ಮಾತು ನಿಂತುಹೋಗುತ್ತದೆ. ಆಟಗಾರರು ಹೋಟೆಲಿನಲ್ಲಿ ಕೂತು ಇದನ್ನೆಲ್ಲ ಟಿವಿಯಲ್ಲಿ ನೋಡಿದರು. ನಾವು ಗೆದ್ದಿದ್ದಕ್ಕೇ ಇವರೆಲ್ಲ ಸತ್ತರು, ಇನ್ನು ಆಡೋದೇ ಬೇಡ ಅನ್ನುವ ಮಾತೂ ಬಂತು. ಆಗ ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಟಿವಿಯಲ್ಲಿ ಕಾಣಿಸಿಕೊಂಡರು. ತಂಡ ಕಪ್ ಗೆಲ್ಲುವ ತನಕ ಮಗನ ಅಂತ್ಯಕ್ರಿಯೆ ಮಾಡುವುದಿಲ್ಲ ಅಂದರು. ಆ ಅಮ್ಮನ ಮುಂದೆ ಹಿಂದೆ ಸರಿಯುವುದಾದರೂ ಹೇಗೆ? ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಫೈನಲ್‌ಗೆ ಇಳಿದರು.

ಈಗ ಆ ಕಾರ್ನರ್ ನೋಡಿ. 72ನೇ ನಿಮಿಷ. ಚೆಂಡು ಹೊಡೆಯುವವರು ಹವಾರ್ ಮುಲ್ಲಾ ಮೊಹಮ್ಮದ್, ಕುರ್ದ್. ಸೌದಿ ಗೋಲ್‌ಕೀಪರ್ ಮುಂದೆ ಬಂದರು, ಚೆಂಡು ಸಿಗಲಿಲ್ಲ. ಆಚೆ ಕಂಬದ ಹತ್ತಿರ ನಾಯಕ ಯೂನಿಸ್ ಮಹಮೂದ್. ಸುನ್ನಿ. ತಲೆ ಕೊಟ್ಟರು, ಗೋಲ್! ಆಮೇಲೆ ಕೊನೆಯ ತನಕ ಇರಾಕಿನ ಗೋಲ್ ಕಾಯ್ದ ನೂರ್ ಸಬ್ರಿ, ಶಿಯಾ. 1-0.

ಯಾರು ಯಾವ ಪಂಗಡ ಅಂತ ಹೀಗೆ ಎಣಿಸುವುದು ನನಗೆ ಇಷ್ಟವಿಲ್ಲ. ಆ ದಿನ ಅಲ್ಲಿನ ಜನವೂ ಎಣಿಸಲಿಲ್ಲ. ಬಾಗ್ದಾದ್, ಬಸ್ರಾ, ಎರ್ಬಿಲ್, ಎಲ್ಲ ಕಡೆ ಬಾವುಟ ಹಿಡಿದು ಜನ ಹೊರಗೆ ಬಂದರು. ಬಾಗ್ದಾದ್‌ನಲ್ಲಿ ವಾಹನ ಓಡಿಸುವಂತಿಲ್ಲ ಅಂತ ಆದೇಶವಿತ್ತು, ನಡೆದೇ ಬಂದರು. ಅದೇ ಹೆಸರುಗಳು, ಹವಾರ್, ಯೂನಿಸ್, ನೂರ್. ಹೇಳಲು ಹೆದರುತ್ತಿದ್ದ ಬೀದಿಯಲ್ಲೇ ಗಂಟಲು ಹರಿಯುವಂತೆ ಕೂಗಿದರು. ಯಾಕೆ, ಆಟ ಅಷ್ಟು ದೊಡ್ಡದಾ ಅಂತ ಕೇಳಬಹುದು. ಆ ದೇಶದಲ್ಲಿ ಎಲ್ಲರಿಗೂ ಸೇರಿದ್ದು ಅಂತ ಉಳಿದಿದ್ದು ಬಹುಶಃ ಆ ಹನ್ನೊಂದು ಜನ ಮಾತ್ರ. ನನಗೆ ಅನ್ನಿಸುವುದು ಇಷ್ಟೇ.

ಯುದ್ಧ ನಿಲ್ಲಲಿಲ್ಲ. ಗೋಲ್ ಹೊಡೆದ ನಾಯಕನೇ, ಜೀವಕ್ಕೆ ಅಪಾಯ ಅಂತ, ಕಪ್ ಹಿಡಿದು ಬಾಗ್ದಾದ್‌ಗೆ ಹೋಗಲಾಗುವುದಿಲ್ಲ ಅಂದರು.

ಇನ್ನೊಂದು ಸಲ ಹಾಕ್ತೀನಿ. ಈ ಸಲ ಚೆಂಡು ಬಿಡಿ, ಗೋಲ್ ಆದ ಕ್ಷಣ ಯಾರು ಯಾರ ಮೇಲೆ ಬೀಳುತ್ತಾರೆ, ಅದನ್ನು ನೋಡಿ.