ಮೊದಲು ಜಾಗ, ಆಮೇಲೆ ಸೈಕಲ್ಲು

ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಅನೇಕರು ಮಕ್ಕಳ ಬುತ್ತಿ ಕಟ್ಟುತ್ತಿರುತ್ತೀರಿ. ಇನ್ನು ಸ್ವಲ್ಪ ಹೊತ್ತಿಗೆ ಸ್ಕೂಟರ್ ಹೊರಡಬೇಕು. ಶಾಲೆ ಇರುವುದು ಒಂದೂವರೆ ಕಿಲೋಮೀಟರ್ ದೂರದಲ್ಲಿ. ಮೆಟ್ಟಿಲ ಕೆಳಗೆ ಸೈಕಲ್ಲೂ ಇದೆ. ಆದರೆ ಮಗುವನ್ನು ಅದರಲ್ಲಿ ಕಳಿಸಲು ಧೈರ್ಯ ಸಾಲದು. ತಪ್ಪು ನಿಮ್ಮದಲ್ಲ. ರಸ್ತೆಯಲ್ಲಿ ಮಗುವಿಗೆ ಜಾಗವೇ ಇಲ್ಲ.

ಜಾಗ ಕೊಟ್ಟ ಊರೊಂದಿದೆ. ಅದು ಅಮೆರಿಕದ ಕ್ಯಾಲಿಫೋರ್ನಿಯಾದ ಡೇವಿಸ್. ಸ್ಯಾಕ್ರಮೆಂಟೊ ನಗರದ ಪಶ್ಚಿಮಕ್ಕೆ, ಟೊಮೆಟೊ, ಬಾದಾಮಿ ಬೆಳೆಯುವ ಬಯಲಿನಲ್ಲಿರುವ ವಿಶ್ವವಿದ್ಯಾಲಯದ ಊರು. ನಗರ ಯೋಜನೆಯ ಪಾಠ ಮಾಡುವ ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಈ ಊರಿನ ಕಥೆ ಹೇಳುತ್ತೇನೆ. ನಿಮಗೂ ಹೇಳಿಬಿಡುತ್ತೇನೆ.

1963ರಲ್ಲಿ ಫ್ರಾಂಕ್ ಚೈಲ್ಡ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಹೆಂಡತಿ ಮಕ್ಕಳೊಂದಿಗೆ ನೆದರ್ಲೆಂಡಿನಲ್ಲಿ ಕೆಲಕಾಲ ಇದ್ದರು. ಅಲ್ಲಿ ಮನೆಮಂದಿಯೆಲ್ಲ ಸೈಕಲ್ಲಿನಲ್ಲೇ ಓಡಾಡಿದರು. ಡೇವಿಸ್‌ಗೆ ಮರಳಿದಾಗ ಅವರನ್ನು ಒಂದೇ ಪ್ರಶ್ನೆ ಕಾಡಿತು: ಅಲ್ಲಿ ಆದದ್ದು ಇಲ್ಲೇಕೆ ಆಗದು? ಊರಿನ ಪತ್ರಿಕೆಗೆ ಬರೆದರು. ದಂಪತಿ ಸೇರಿ ನೆರೆಹೊರೆಯವರನ್ನು ಕೂಡಿಸಿ ಸಹಿ ಸಂಗ್ರಹಿಸಿದರು. ನಗರಸಭೆ ಕಿವಿಗೊಡಲಿಲ್ಲ. ಅವರು ಸುಮ್ಮನಾದರೇ? ಇಲ್ಲ. 1966ರ ನಗರಸಭಾ ಚುನಾವಣೆಯಲ್ಲಿ ಸೈಕಲ್ ಪಥವೇ ವಿಷಯವಾಯಿತು, ಪಥ ಬೇಕೆಂದವರು ಗೆದ್ದರು. ಅಷ್ಟಕ್ಕೇ ಮುಗಿಯಲಿಲ್ಲ. ರಸ್ತೆಯಲ್ಲಿ ಸೈಕಲ್ಲಿಗೆ ಬೇರೆ ಪಥ ಎಂಬುದು ರಾಜ್ಯದ ಕಾನೂನಿನಲ್ಲೇ ಇರಲಿಲ್ಲ. ಕಾನೂನನ್ನೂ ತಿದ್ದಿಸಿದರು! 1967ರಲ್ಲಿ ಎಂಟನೇ ಬೀದಿಯ ಮೇಲೆ ಗೆರೆ ಬಿತ್ತು. ಅಮೆರಿಕದ ನಗರವೊಂದರ ಬೀದಿಯಲ್ಲಿ ಸೈಕಲ್ಲಿಗೆಂದೇ ಎಳೆದ ಮೊದಲ ಗೆರೆಗಳಲ್ಲಿ ಅದೂ ಒಂದು. ಬಣ್ಣದ ಒಂದು ಗೆರೆಗೆ ನಾಲ್ಕು ವರ್ಷದ ಹೋರಾಟ, ಕೇಳುಗರೇ. ಮೊದಲು ಜಾಗ, ಆಮೇಲೆ ಸೈಕಲ್ಲು.

ವಿಶ್ವವಿದ್ಯಾಲಯವೂ ಹಿಂದೆ ಬೀಳಲಿಲ್ಲ. ಆಗಿನ ಕುಲಪತಿ ಎಮಿಲ್ ಮ್ರಾಕ್, ಯೀಸ್ಟ್ ಕುರಿತು ಸಂಶೋಧನೆ ಮಾಡಿದ ವಿಜ್ಞಾನಿ. ಸೈಕಲ್ಲು ಮತ್ತು ಮರಗಳ ಆವರಣವನ್ನೇ ಯೋಜಿಸಿ ಎಂದು ವಾಸ್ತುಶಿಲ್ಪಿಗಳಿಗೆ ಹೇಳಿದರು. ಆವರಣದ ನಡುಭಾಗಕ್ಕೆ ಕಾರುಗಳ ಪ್ರವೇಶ ನಿಂತಿತು. ತರಗತಿ ಬಿಟ್ಟಾಗ ಸಾವಿರಾರು ಸೈಕಲ್ಲುಗಳು ಒಮ್ಮೆಗೇ ಹೊರಡುತ್ತವೆ, ಅದಕ್ಕಾಗಿ ಸೈಕಲ್ಲಿಗೆಂದೇ ವೃತ್ತಗಳಿವೆ. ದೀಪವಿಲ್ಲ, ಪೊಲೀಸರಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಸುತ್ತಿ ತಮ್ಮ ದಾರಿಗೆ ಹೊರಳಿಕೊಳ್ಳುತ್ತಾರೆ.

"ನಮ್ಮ ಬಿಸಿಲಿನಲ್ಲಿ ಸೈಕಲ್ ಆಗದು ಸಾರ್" ಎನ್ನುವವರು ಪ್ರತಿ ಸಭೆಯಲ್ಲೂ ಸಿಗುತ್ತಾರೆ. ದಯವಿಟ್ಟು ಈ ಮಾತನ್ನು ಬಿಡಿ. ಡೇವಿಸ್‌ನಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ದಿನಗಳಿವೆ. ಅಲ್ಲಿ ಪಥವಿದೆ, ನೆರಳಿನ ಮರಗಳಿವೆ. ಮೊದಲು ಜಾಗ.

ಸಮಯ ಮುಗಿಯುತ್ತಿದೆ ಎಂದು ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಡೇವಿಸ್‌ನ ವಿಲೇಜ್ ಹೋಮ್ಸ್ ಬಡಾವಣೆಯ ಬಗ್ಗೆ ಹೇಳಬೇಕಿತ್ತು. 1970ರ ದಶಕದಲ್ಲಿ ಮೈಕೆಲ್ ಮತ್ತು ಜೂಡಿ ಕಾರ್ಬೆಟ್ ದಂಪತಿ ಕಟ್ಟಿದ್ದು. ಚಳಿಗಾಲದ ಬಿಸಿಲು ಒಳಬರುವಂತೆ ದಕ್ಷಿಣಕ್ಕೆ ತೆರೆದ ಮನೆಗಳು, ಕಿರಿದಾದ ಬೀದಿಗಳು, ಹಣ್ಣಿನ ಮರಗಳು, ಮಳೆನೀರನ್ನು ನೆಲಕ್ಕೇ ಇಂಗಿಸುವ ತಗ್ಗು ಕಾಲುವೆಗಳು. ಮನೆಗಳ ನಡುವಿನ ಹಸಿರಿನಲ್ಲಿ ನಡೆಯುವವರಿಗೂ ಸೈಕಲ್ಲಿಗೂ ದಾರಿ. ಇಷ್ಟೇ ಹೇಳಲು ಸಾಧ್ಯವಾಯಿತು.

ಮುಂದಿನ ಚುನಾವಣೆಯಲ್ಲಿ ಅಭ್ಯರ್ಥಿ ನಿಮ್ಮ ಬಾಗಿಲಿಗೆ ಬಂದಾಗ, ಶಾಲೆಯ ರಸ್ತೆಯಲ್ಲಿ ಸೈಕಲ್ಲಿಗೆ ಎಷ್ಟು ಅಡಿ ಜಾಗ ಕೊಡುತ್ತೀರಿ ಎಂದು ಕೇಳಿ. ಅಡಿಗಳಲ್ಲೇ ಉತ್ತರ ಪಡೆಯಿರಿ. ನಮಸ್ಕಾರ.